ಒಂದು ಪಂದ್ಯದ ಸಿಟ್ಟು, ಒಂದು ಹೊಸ ನಿಯಮ: ಅಮೆರಿಕನ್ ಫುಟ್‌ಬಾಲಿನ ವಿನಾಯಿತಿಗಳು ಹುಟ್ಟುವ ಬಗೆ

2024ರ ಡಿಸೆಂಬರ್ 19ರ ರಾತ್ರಿ. ಲಾಸ್ ಏಂಜಲೀಸ್ ಚಾರ್ಜರ್ಸ್ ಮತ್ತು ಡೆನ್ವರ್ ಬ್ರಾಂಕೋಸ್ ಪಂದ್ಯದ ಮೊದಲರ್ಧದ ಗಡಿಯಾರ ಸೊನ್ನೆಗೆ ಬಂದು ನಿಂತಿತ್ತು. ಆದರೂ ಅರ್ಧ ಮುಗಿದಿರಲಿಲ್ಲ. ಚಾರ್ಜರ್ಸ್ ತಂಡದವನೊಬ್ಬ ಚೆಂಡನ್ನು ನೆಲಕ್ಕೂರಿ ಹಿಡಿದುಕೊಂಡ. ಎದುರಾಳಿಗಳು 10 ಗಜ ಹಿಂದೆ ಸರಿದು ನಿಂತರು, ಯಾರೂ ಅಡ್ಡ ಬರಲಿಲ್ಲ. ಕ್ಯಾಮರನ್ ಡಿಕರ್ ಓಡಿ ಬಂದು ಒದ್ದ ಚೆಂಡು 57 ಗಜ ದೂರದ ಕಂಬಗಳ ನಡುವೆ ಹಾದುಹೋಯಿತು. ತಂಡಕ್ಕೆ 3 ಅಂಕ ಬಂತು. ಈ ಬಗೆಯ ಗೋಲು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇದಕ್ಕೆ ಮೊದಲು ಬಂದದ್ದು 1976ರಲ್ಲಿ. ಆಗ ಹೊಡೆದವರು ಅದೇ ಚಾರ್ಜರ್ಸ್‌ನ ರೇ ವರ್ಶಿಂಗ್.

ನಡೆದದ್ದು ಇಷ್ಟು. ಈ ಆಟದಲ್ಲಿ ದಾಳಿ ಮಾಡುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಅದು ಪಂಟ್. ಅದನ್ನು ಹಿಡಿಯಲು ನಿಂತವನು ಕೈ ಮೇಲೆತ್ತಿ ಬೀಸಿದರೆ ‘ನಾನು ಓಡುವುದಿಲ್ಲ, ನನ್ನನ್ನು ಮುಟ್ಟಬೇಡಿ’ ಎಂದು ಹೇಳಿದ ಹಾಗೆ. ಇದು ಫೇರ್ ಕ್ಯಾಚ್. ಹಾಗೆ ಹಿಡಿದ ಜಾಗದಿಂದ ಯಾರ ಅಡ್ಡಿಯೂ ಇಲ್ಲದೆ ಗೋಲಿಗೆ ಒಂದು ಸಲ ಒದೆಯುವ ಹಕ್ಕು ಆ ತಂಡಕ್ಕೆ ಇದೆ, ಸಮಯ ಮುಗಿದಿದ್ದರೂ ಸರಿ. ಅಂದು ಡೆನ್ವರ್ ಆಟಗಾರನೊಬ್ಬ ಕೈ ಎತ್ತಿದವನಿಗೆ ಹೋಗಿ ಡಿಕ್ಕಿ ಹೊಡೆದದ್ದರಿಂದ 15 ಗಜದ ದಂಡ ಬಿತ್ತು. ಚೆಂಡು ಅಷ್ಟು ಮುಂದೆ ಬಂದು ಗೋಲು ಎಟುಕುವ ದೂರವಾಯಿತು. ಚಾರ್ಜರ್ಸ್ ಕೋಚ್ ಜಿಮ್ ಹಾರ್ಬಾ ಈ ನಿಯಮದ ಮೇಲೆ ಕಣ್ಣಿಟ್ಟವರೇ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದಲ್ಲಿದ್ದಾಗ 71 ಗಜದಿಂದ ಇದನ್ನೇ ಮಾಡಿಸಿ ನೋಡಿದ್ದರು. ಆ ಚೆಂಡು ಕಂಬದವರೆಗೆ ಹೋಗಲಿಲ್ಲ.

ಇಂಥದ್ದೊಂದು ನಿಯಮ ಯಾಕಿದೆ ಎಂದರೆ, ಈ ಆಟ ರಗ್ಬಿಯ ಹೊಟ್ಟೆಯಿಂದ ಬಂದದ್ದು. ಹತ್ತೊಂಬತ್ತನೇ ಶತಮಾನದ ರಗ್ಬಿಯಲ್ಲಿ ಚೆಂಡನ್ನು ಚೊಕ್ಕವಾಗಿ ಹಿಡಿದವನಿಗೆ ಆ ಜಾಗದಿಂದ ಗೋಲಿಗೆ ಒದೆಯುವ ಹಕ್ಕಿತ್ತು. ರಗ್ಬಿ ಅದನ್ನು ಬಿಟ್ಟಿತು, ಅಮೆರಿಕದ ಕಾಲೇಜು ಫುಟ್‌ಬಾಲೂ ಬಿಟ್ಟಿತು, ಎನ್‌ಎಫ್‌ಎಲ್ ಮತ್ತು ಹೈಸ್ಕೂಲ್ ನಿಯಮಗಳಲ್ಲಿ ಮಾತ್ರ ಉಳಿದುಕೊಂಡಿದೆ. ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕ್ಷಣಕ್ಕೆ ಒದೆಯುವ ಡ್ರಾಪ್ ಕಿಕ್ ಕೂಡ ಇದೇ ಕಾಲದ್ದು. 1941ರ ನಂತರ ಎನ್‌ಎಫ್‌ಎಲ್‌ನಲ್ಲಿ ಯಾರೂ ಅದರಿಂದ ಅಂಕ ತಂದಿರಲಿಲ್ಲ. 2006ರ ಜನವರಿ 1ರಂದು ನ್ಯೂ ಇಂಗ್ಲೆಂಡಿನ ಡಗ್ ಫ್ಲೂಟಿ ತಂದರು. ಇಂಥ ಹಳೆಯ ನಿಯಮಗಳಿಂದ ಯಾರಿಗೂ ತೊಂದರೆ ಆಗಿಲ್ಲ. ನನ್ನ ತಕರಾರು ಇರುವುದು ಇನ್ನೊಂದು ಜಾತಿಯ ನಿಯಮಗಳ ಮೇಲೆ. ಒಂದು ಪಂದ್ಯದಲ್ಲಿ ಏನೋ ಎಡವಟ್ಟಾಗಿ, ಎಲ್ಲರಿಗೂ ಸಿಟ್ಟು ಬಂದು, ‘ಇನ್ನು ಹೀಗಾಗಬಾರದು’ ಎಂದು ತರಾತುರಿಯಲ್ಲಿ ಬರೆದವು ಅವು. ಹೊಸಬರು ಈ ಆಟ ನೋಡಲು ಕುಳಿತಾಗ ತಲೆ ಕೆಡಿಸುವ ವಿನಾಯಿತಿಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಇದಕ್ಕೆ ಆಟದ ರಚನೆಯೂ ಕಾರಣ. ನಮಗೆ ಗೊತ್ತಿರುವ ಕಾಲ್ಚೆಂಡು, ಹಾಕಿ, ಕಬಡ್ಡಿಗಳಲ್ಲಿ ಆಟ ಹರಿಯುತ್ತಲೇ ಇರುತ್ತದೆ. ಇಲ್ಲಿ ಕೆಲವೇ ಸೆಕೆಂಡು ಆಡಿ ನಿಲ್ಲುತ್ತಾರೆ. 60 ನಿಮಿಷದ ಪಂದ್ಯದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಹೀಗೆ ತುಂಡು ತುಂಡಾದ ಆಟದಲ್ಲಿ ಪ್ರತಿ ತುಂಡನ್ನೂ ಹಿಂದಕ್ಕೆ ತಿರುಗಿಸಿ ನೋಡಬಹುದು, ಅದರ ಬಗ್ಗೆ ಒಂದು ಕಲಮು ಬರೆಯಬಹುದು. ಮೇಲಾಗಿ ಲೀಗ್ ಹಂತದಲ್ಲಿ ಒಂದು ತಂಡ ವರ್ಷಕ್ಕೆ ಆಡುವುದು 17 ಪಂದ್ಯ ಮಾತ್ರ, ನಾಕೌಟ್‌ನಲ್ಲಿ ಸೋತರೆ ಮನೆಗೆ. ಒಂದು ತಪ್ಪು ತೀರ್ಪಿಗೆ ಇಡೀ ವರ್ಷದ ದುಡಿಮೆ ಹೋಗಬಹುದು, ಹಾಗಾಗಿ ಆ ಸಿಟ್ಟು ಬೇಗ ಆರುವುದಿಲ್ಲ.

1978ರ ಸೆಪ್ಟೆಂಬರ್ 10ರಂದು ಸ್ಯಾನ್ ಡಿಯಾಗೋದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಆಗ ಆ ಊರಿನದಾಗಿದ್ದ ಚಾರ್ಜರ್ಸ್ ಎದುರು ಓಕ್‌ಲ್ಯಾಂಡ್ ರೈಡರ್ಸ್ 14–20ರಿಂದ ಹಿಂದಿದ್ದರು. ಉಳಿದದ್ದು 10 ಸೆಕೆಂಡ್, ಅಂಕದ ಗೆರೆಗೆ 14 ಗಜ. ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುತ್ತ ಚೆಂಡು ಎಸೆಯುವವನು, ಕೆನ್ ಸ್ಟೇಬ್ಲರ್‌ನನ್ನು ಚಾರ್ಜರ್ಸ್ ಆಟಗಾರ ಹಿಡಿದೇಬಿಟ್ಟ. ಕೆಳಗೆ ಬೀಳುವ ಮೊದಲು ಸ್ಟೇಬ್ಲರ್ ಚೆಂಡನ್ನು ಮುಂದಕ್ಕೆ ಉರುಳಬಿಟ್ಟ. ಪೀಟ್ ಬನಜಾಕ್ ಅದನ್ನು ಇನ್ನಷ್ಟು ಮುಂದಕ್ಕೆ ನೂಕಿದ. ಕೊನೆಗೆ ಡೇವ್ ಕ್ಯಾಸ್ಪರ್ ಕಾಲಿನಿಂದ ತಳ್ಳುತ್ತ ಹೋಗಿ ಎಂಡ್ ಜೋನ್‌ನಲ್ಲಿ, ಅಂದರೆ ಅಂಕದ ಗೆರೆಯ ಆಚೆಗಿನ ಪಟ್ಟಿಯಲ್ಲಿ, ಅದರ ಮೇಲೆ ಬಿದ್ದ. ಚೆಂಡನ್ನು ಅಲ್ಲಿಗೆ ಮುಟ್ಟಿಸಿದ್ದಕ್ಕೆ 6 ಅಂಕದ ಟಚ್‌ಡೌನ್, ಅದರ ಹಿಂದೆ ಹೆಚ್ಚುವರಿ ಅಂಕ, ರೈಡರ್ಸ್‌ಗೆ 21–20ರ ಗೆಲುವು. ಬೇಕೆಂದೇ ಮುಂದಕ್ಕೆ ಎಸೆದದ್ದು ನೆಲಕ್ಕೆ ಬಿದ್ದರೆ ಅದು ವಿಫಲ ಪಾಸ್, ಆಟ ಅಲ್ಲಿಗೇ ನಿಲ್ಲುತ್ತದೆ; ಬಿದ್ದ ಚೆಂಡನ್ನು ಬೇಕೆಂದೇ ಮುಂದಕ್ಕೆ ನೂಕುವುದು, ಒದೆಯುವುದು ಕಾನೂನುಬಾಹಿರ. ಆದರೆ ಕೈತಪ್ಪಿ ಬಿದ್ದದ್ದಾದರೆ ಅದು ಫಂಬಲ್, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ರೆಫ್ರಿಗಳು ಕೈತಪ್ಪಿತು ಎಂದೇ ನಂಬಿದರು.

ಮರುವರ್ಷ ನಿಯಮ ಬದಲಾಯಿತು. ನಾಲ್ಕನೇ ಡೌನ್‌ನಲ್ಲಿ (ಅಂದರೆ ನಾಲ್ಕನೇ ಅವಕಾಶದಲ್ಲಿ), ಅಥವಾ ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ, ದಾಳಿ ತಂಡದವರ ಕೈಯಿಂದ ಬಿದ್ದ ಚೆಂಡನ್ನು ಆ ತಂಡದಲ್ಲಿ ಬೀಳಿಸಿದವನೇ ಎತ್ತಿಕೊಂಡು ಮುಂದೆ ಓಡಬಹುದು, ಬೇರೆಯವರು ಓಡುವಂತಿಲ್ಲ. ಸಹ ಆಟಗಾರ ಮುಂದೆಲ್ಲೋ ಎತ್ತಿದರೆ ಚೆಂಡು ಬಿದ್ದ ಜಾಗಕ್ಕೇ ವಾಪಸು. ಉಳಿದ ಹೊತ್ತಿನಲ್ಲಿ ಹಳೆಯ ನಿಯಮವೇ ನಡೆಯುತ್ತದೆ. ಒಂದೇ ಕ್ರಿಯೆಗೆ ಗಡಿಯಾರ ನೋಡಿ ಬೇರೆ ಬೇರೆ ಫಲ. ಹೊಸ ನೋಡುಗರಿಗೆ ಇದು ವಿಚಿತ್ರವಾಗಿ ಕಂಡರೆ ತಪ್ಪೇನೂ ಇಲ್ಲ. ಆದರೆ ಇದರಲ್ಲೊಂದು ತರ್ಕವಿದೆ. ಸೋಲುವ ತಂಡಕ್ಕೆ ಹತಾಶೆಯಿಂದ ಚೆಂಡು ಚೆಲ್ಲುವ ಆಸೆ ಹುಟ್ಟುವುದು ಕೊನೆಯ ಅವಕಾಶದಲ್ಲಿ, ಕೊನೆಯ ನಿಮಿಷಗಳಲ್ಲಿ. ಬಾಗಿಲು ಹಾಕಿದ್ದೂ ಅಲ್ಲಿಗೆ ಮಾತ್ರ. ಸಿಟ್ಟಿನಲ್ಲಿ ಬರೆದ ನಿಯಮಗಳಲ್ಲಿ ನನಗೆ ಒಪ್ಪಿಗೆಯಾಗುವುದು ಇದೊಂದೇ, ಏಕೆಂದರೆ ಆಟಗಾರನ ಮನಸ್ಸಿನಲ್ಲಿ ಏನಿತ್ತೆಂದು ರೆಫ್ರಿ ಊಹಿಸುವ ಅಗತ್ಯವನ್ನೇ ಇದು ತೆಗೆದುಹಾಕಿತು, ಹಾಗೆ ಮಾಡುವಾಗ ಬೇರೇನನ್ನೂ ಕೆಡಿಸಲಿಲ್ಲ.

ಮನಸ್ಸನ್ನು ಓದುವ ಕಷ್ಟ ತಪ್ಪಿಸಲು ಹೋಗಿ ಆಟವನ್ನೇ ಕೆಡಿಸಿದ್ದು ಟಕ್ ನಿಯಮ. ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯುವಾಗ ಚೆಂಡು ಜಾರಿ ನೆಲಕ್ಕೆ ಬಿದ್ದರೆ ಅದು ಅಪೂರ್ಣ ಪಾಸ್, ನಷ್ಟವೆಂದರೆ ಒಂದು ಅವಕಾಶ. ಎಸೆಯುವ ಮೊದಲೇ ಜಾರಿದರೆ ಫಂಬಲ್, ಎದುರಾಳಿ ಎತ್ತಿಕೊಂಡರೆ ಚೆಂಡು ಅವರದು. ಈ ಎರಡರ ನಡುವೆ ಒಂದು ಸಂದಿ ಇದೆ. ಎಸೆಯಲೆಂದು ಕೈ ಮುಂದೆ ತಂದವನು ಮನಸ್ಸು ಬದಲಿಸಿ, ಚೆಂಡನ್ನು ಎದೆಗೆ ಎಳೆದುಕೊಳ್ಳುತ್ತಿರುವಾಗ ಜಾರಿದರೆ? 1999ರಲ್ಲಿ ಬಂದ ನಿಯಮ ಹೇಳಿದ್ದು, ಕೈ ಮುಂದಕ್ಕೆ ಬಂದಿದ್ದರೆ ಸಾಕು, ಚೆಂಡನ್ನು ಪೂರ್ತಿ ಒಳಗೆ ಅವುಚಿಕೊಳ್ಳುವವರೆಗೂ ಅದು ಪಾಸೇ. ಎಸೆಯುವ ಉದ್ದೇಶ ಇರಲಿಲ್ಲ ಎಂಬುದು ಕಣ್ಣಿಗೆ ಕಟ್ಟಿದ ಹಾಗಿದ್ದರೂ ಪಾಸೇ.

2002ರ ಜನವರಿ 19, ಫಾಕ್ಸ್‌ಬರೋದಲ್ಲಿ ಹಿಮ ಸುರಿಯುತ್ತಿತ್ತು. ನಾಕೌಟ್ ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ರೈಡರ್ಸ್ 13–10ರಿಂದ ಮುಂದಿದ್ದರು, ಎರಡು ನಿಮಿಷವೂ ಉಳಿದಿರಲಿಲ್ಲ. ಚಾರ್ಲ್ಸ್ ವುಡ್‌ಸನ್ ನುಗ್ಗಿ ಬಂದು ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ಗುದ್ದಿದ, ಚೆಂಡು ಬಿತ್ತು, ರೈಡರ್ಸ್‌ನ ಗ್ರೆಗ್ ಬೀಕರ್ಟ್ ಅದರ ಮೇಲೆ ಬಿದ್ದ. ಪಂದ್ಯ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ರೆಫ್ರಿ ವಾಲ್ಟ್ ಕೋಲ್ಮನ್ ರೀಪ್ಲೇ ನೋಡಿ, ಬ್ರೇಡಿಯ ಕೈ ಮುಂದಕ್ಕೆ ಚಲಿಸಿತ್ತು, ಆದ್ದರಿಂದ ಅಪೂರ್ಣ ಪಾಸ್ ಎಂದರು. ಚೆಂಡು ಪೇಟ್ರಿಯಟ್ಸ್‌ಗೆ ಉಳಿಯಿತು. ಆ್ಯಡಂ ವಿನಟಿಯೇರಿ ಹಿಮದಲ್ಲಿ 45 ಗಜದಿಂದ ಒದ್ದು ಸರಿಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಒದ್ದು 16–13ಕ್ಕೆ ಗೆಲ್ಲಿಸಿದ. ಪೇಟ್ರಿಯಟ್ಸ್ ಆ ವರ್ಷ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು, ಬ್ರೇಡಿಯ ಯುಗ ಅಲ್ಲಿಂದ ಶುರು.

ರೈಡರ್ಸ್ ಅಭಿಮಾನಿಗಳು ಇವತ್ತಿಗೂ ಕೋಲ್ಮನ್‌ರನ್ನು ಬೈಯುತ್ತಾರೆ. ಅದು ಅನ್ಯಾಯ. ಬರೆದಿದ್ದ ನಿಯಮವನ್ನು ಅವರು ಅಕ್ಷರಶಃ ಪಾಲಿಸಿದರು. ಅದೇ ಋತುವಿನ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಇದೇ ನಿಯಮ ಪೇಟ್ರಿಯಟ್ಸ್‌ಗೆ ಉಲ್ಟಾ ಹೊಡೆದಿತ್ತು, ಆಗ ಅವರೂ ಸುಮ್ಮನೆ ಒಪ್ಪಿಕೊಳ್ಳಬೇಕಾಯಿತು. ತಪ್ಪಿದ್ದದ್ದು ನಿಯಮದಲ್ಲಿ. ನೋಡಿದ ಯಾರಿಗೇ ಆದರೂ ಫಂಬಲ್ ಎನ್ನಿಸುವುದನ್ನು ಪಾಸ್ ಎಂದು ಕರೆಯುವಂತೆ ಅದು ರೆಫ್ರಿಯ ಕೈ ಕಟ್ಟಿಹಾಕಿತ್ತು. ಅದನ್ನು ತೆಗೆದುಹಾಕಲು 2013ರ ಮಾರ್ಚ್ ಬರಬೇಕಾಯಿತು.

ಕ್ಯಾಚ್ ಎಂದರೇನು ಎಂಬ ಪ್ರಶ್ನೆ ಇನ್ನೂ ಹೆಚ್ಚು ಕಣ್ಣೀರು ಹಾಕಿಸಿದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಜಗಳ ಹೊಸದಲ್ಲ. ಚೆಂಡಿನ ಮೇಲೂ ತನ್ನ ಚಲನೆಯ ಮೇಲೂ ಫೀಲ್ಡರ್‌ಗೆ ಪೂರ್ತಿ ಹಿಡಿತ ಇರಬೇಕು ಎಂದು ಅಲ್ಲೂ ಇದೆ. ಎನ್‌ಎಫ್‌ಎಲ್ ಇದನ್ನು ಇನ್ನೂ ಎಳೆಯಿತು. ಹಿಡಿಯುತ್ತ ಕೆಳಗೆ ಬೀಳುವವನು ನೆಲಕ್ಕೆ ಬಡಿದ ಮೇಲೂ, ಬೀಳುವ ಕ್ರಿಯೆ ಮುಗಿಯುವ ತನಕ, ಚೆಂಡು ಅಲುಗದಂತೆ ಇಟ್ಟುಕೊಳ್ಳಬೇಕು ಎಂದಿತು. 2010ರ ಸೆಪ್ಟೆಂಬರ್ 12ರಂದು ಶಿಕಾಗೋದಲ್ಲಿ ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ ಎಂಡ್ ಜೋನ್‌ನಲ್ಲಿ ಮೇಲೆ ಹಾರಿ ಹಿಡಿದ, ಎರಡೂ ಪಾದ ಊರಿದ, ಕುಳಿತ, ಉರುಳಿದ. ಏಳುವಾಗ ಕೈ ನೆಲಕ್ಕೆ ಊರಿದಾಗ ಚೆಂಡು ಬಿಟ್ಟುಹೋಯಿತು. ಕ್ಯಾಚ್ ಅಲ್ಲ ಎಂದರು. ಗೆಲ್ಲಬೇಕಿದ್ದ ಡೆಟ್ರಾಯಿಟ್ ಲಯನ್ಸ್ 14–19ರಿಂದ ಸೋತರು. 2015ರ ಜನವರಿಯಲ್ಲಿ ಗ್ರೀನ್ ಬೇಯಲ್ಲಿ ಡ್ಯಾಲಸ್‌ನ ಡೆಜ್ ಬ್ರಯಂಟ್‌ಗೆ, 2017ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಜೆಸ್ಸಿ ಜೇಮ್ಸ್‌ಗೆ ಅದೇ ಗತಿ. ಪ್ರತಿ ಸಲವೂ ನಿಯಮದ ಪ್ರಕಾರ ತೀರ್ಪು ಸರಿಯೇ ಇತ್ತು ಎಂದು ಲೀಗ್ ಸಮರ್ಥಿಸಿಕೊಂಡಿತು.

ಇಲ್ಲಿ ಕ್ಯಾಮೆರಾದ ಪಾತ್ರ ದೊಡ್ಡದು. ಮೊದಲು ‘ಹಿಡಿದನೇ’ ಎಂಬುದು ಬರಿಗಣ್ಣಿನ ಪ್ರಶ್ನೆಯಾಗಿತ್ತು. ಚಿತ್ರವನ್ನು ಚೂರು ಚೂರಾಗಿ ನಿಲ್ಲಿಸಿ ನೋಡುವ ಸೌಲಭ್ಯ ಬಂದ ಮೇಲೆ ಚೆಂಡು ಬೆರಳುಗಳ ನಡುವೆ ಒಂದಿಷ್ಟು ತಿರುಗಿದರೂ ಕಾಣುತ್ತದೆ. ಕಂಡದ್ದಕ್ಕೆಲ್ಲ ಅರ್ಥ ಕೊಡಲು ಹೋಗಿ ನಿಯಮ ಉದ್ದವಾಗುತ್ತ ಹೋಯಿತು. 2018ರಲ್ಲಿ ಅದನ್ನು ಕತ್ತರಿಸಿ ಮೂರೇ ಅಂಶಕ್ಕೆ ತಂದರು: ಚೆಂಡಿನ ಮೇಲೆ ಹಿಡಿತ, ಎರಡು ಪಾದ ಅಥವಾ ದೇಹದ ಬೇರೆ ಭಾಗ ಗೆರೆಯೊಳಗೆ, ಆಮೇಲೆ ಮೂರನೇ ಹೆಜ್ಜೆಯಂಥ ಒಂದು ಆಟದ ನಡೆ. ಜಗಳ ನಿಂತಿಲ್ಲ, ಆದರೆ ಮೊದಲಿನಷ್ಟು ಇಲ್ಲ. ಎಂಟು ವರ್ಷ ಮೂರು ಊರುಗಳ ಜನ ಕೇಳಿದ್ದೂ ಇದನ್ನೇ.

ಇನ್ನೂ ತೆಗೆಯದೆ ಉಳಿಸಿಕೊಂಡಿರುವ ಒಂದು ನಿಯಮ ನನಗೆ ಎಲ್ಲಕ್ಕಿಂತ ಕಠೋರವಾಗಿ ಕಾಣುತ್ತದೆ. ಓಡುತ್ತಿದ್ದವನ ಕೈಯಿಂದ ಚೆಂಡು ಬಿದ್ದು, ಮುಂದಕ್ಕೆ ಉರುಳಿ, ಯಾರ ಕೈಗೂ ಸಿಗದೆ ಮೈದಾನದ ಪಕ್ಕದ ಗೆರೆ ದಾಟಿದರೆ ಚೆಂಡು ಬೀಳಿಸಿದ ತಂಡಕ್ಕೇ ಉಳಿಯುತ್ತದೆ, ಬಿದ್ದ ಜಾಗದಿಂದ ಆಟ ಮುಂದುವರಿಯುತ್ತದೆ. ಅದೇ ಚೆಂಡು ಒಂದು ಅಂಗುಲ ಮುಂದೆ ಹೋಗಿ ಎಂಡ್ ಜೋನ್ ಮೂಲಕ ಹೊರಬಿದ್ದರೆ? ಚೆಂಡು ಎದುರಾಳಿಗೆ, ಅದೂ 20 ಗಜದ ಗೆರೆಯಲ್ಲಿ. ಎದುರಾಳಿ ಅದನ್ನು ಮುಟ್ಟಿಯೇ ಇರಬೇಕೆಂದಿಲ್ಲ.

2021ರ ಜನವರಿ 17ರಂದು ಕ್ಯಾನ್ಸಸ್ ಸಿಟಿಯಲ್ಲಿ ಆ ಊರಿನ ಚೀಫ್ಸ್ ಎದುರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ 3–16ರಿಂದ ಹಿಂದಿದ್ದಾಗ ರಶಾರ್ಡ್ ಹಿಗ್ಗಿನ್ಸ್ ಚೆಂಡು ಹಿಡಿದು, ಮೂಲೆಯ ಗುರುತಿನ ಕಡೆ ಮೈ ಚಾಚಿದ. ಡ್ಯಾನಿಯಲ್ ಸೊರೆನ್‌ಸನ್ ಬಂದು ಹೆಲ್ಮೆಟ್‌ನಿಂದ ಗುದ್ದಿದ. ಚೆಂಡು ಜಾರಿ ಎಂಡ್ ಜೋನ್‌ನಿಂದ ಹೊರಗೆ ಹೋಯಿತು. ಹೆಲ್ಮೆಟ್‌ನಿಂದ ಗುದ್ದುವುದು ತಪ್ಪು, ಆದರೆ ರೆಫ್ರಿಗಳು ತಪ್ಪು ಸಾರುವ ಬಾವುಟ ಎಸೆಯಲಿಲ್ಲ, ರೀಪ್ಲೇನಲ್ಲಿ ಅದನ್ನು ಪರಿಶೀಲಿಸಲು ನಿಯಮದಲ್ಲಿ ಅವಕಾಶ ಇರಲಿಲ್ಲ. ಚೆಂಡು ಎಲ್ಲಿಂದ ಹೊರಹೋಯಿತು ಎಂಬಂಥದ್ದನ್ನು ಮಾತ್ರ ನೋಡಬಹುದಿತ್ತು. ಚೆಂಡು ಚೀಫ್ಸ್‌ಗೆ ಹೋಯಿತು, ಅವರು ಅದರಿಂದ ಮೂರು ಅಂಕವನ್ನೂ ತೆಗೆದರು. ಪಂದ್ಯ ಮುಗಿದಾಗ 22–17. ವ್ಯತ್ಯಾಸ ಐದು ಅಂಕ.

ಈ ನಿಯಮಕ್ಕೆ ಸಮರ್ಥನೆ ಇಲ್ಲದೇ ಇಲ್ಲ. ಚೆಂಡನ್ನು ಎಂಡ್ ಜೋನ್‌ಗೆ ಕಳಿಸಿದ ಬಲ ಯಾರದು ಎಂಬುದೇ ಇಲ್ಲಿನ ಮೂಲಸೂತ್ರ. ಪಂಟ್ ಎಂಡ್ ಜೋನ್ ದಾಟಿದರೂ ಚೆಂಡು 20ರ ಗೆರೆಗೆ ಬಂದು ಎದುರಾಳಿಗೆ ಸಿಗುತ್ತದೆ. ತನ್ನದೇ ಎಂಡ್ ಜೋನ್ ಮೂಲಕ ಚೆಂಡು ಹೊರಗೆ ಬೀಳಿಸಿದ ತಂಡ ಎದುರಾಳಿಗೆ 2 ಅಂಕ ತೆರುತ್ತದೆ. ಈ ಸೂತ್ರವನ್ನಷ್ಟೇ ನೋಡಿದರೆ ಅಚ್ಚುಕಟ್ಟು. ಆದರೆ ಆಟಗಾರ ಗೆರೆಯ ಹತ್ತಿರ ಕೈ ಚಾಚುವುದು ಆಟದ ಅತ್ಯಂತ ಧೈರ್ಯದ ಕ್ಷಣ. ಒಂದು ಅಂಗುಲ ಈಚೆ ಬಿದ್ದರೆ ನಷ್ಟವೇ ಇಲ್ಲ, ಆಚೆ ಬಿದ್ದರೆ ಚೆಂಡೂ ಹೋಯಿತು, ಜೊತೆಗೆ 20 ಗಜವೂ ಹೋಯಿತು. ಚೆಂಡನ್ನು ಬಿದ್ದ ಜಾಗಕ್ಕೇ ತಂದು, ಬೇಕಿದ್ದರೆ ಒಂದಿಷ್ಟು ಗಜ ದಂಡ ಹಾಕಿ, ಆಟ ಮುಂದುವರಿಸಿದರೆ ಯಾರಿಗೂ ಅನ್ಯಾಯವಾಗದು. ಸೂತ್ರ ಚೆನ್ನಾಗಿದೆ ಎಂಬ ಕಾರಣಕ್ಕೆ ಅನ್ಯಾಯದ ಫಲವನ್ನು ಇಟ್ಟುಕೊಳ್ಳಬೇಕಿಲ್ಲ.

ಹೆಚ್ಚುವರಿ ಸಮಯದ ನಿಯಮಗಳಂತೂ ಆಡುವವರಿಗೇ ಗೊತ್ತಿರುವುದಿಲ್ಲ. 2008ರಲ್ಲಿ ಸಿನ್ಸಿನಾಟಿಯೊಂದಿಗೆ 13–13ರ ಟೈ ಆದಾಗ, ಪಂದ್ಯ ಹೀಗೆ ಟೈ ಆಗಬಹುದೆಂದೇ ತನಗೆ ಗೊತ್ತಿರಲಿಲ್ಲ ಎಂದು ಫಿಲಡೆಲ್ಫಿಯಾದ ಡೊನೊವನ್ ಮೆಕ್‌ನ್ಯಾಬ್ ಹೇಳಿದರು. 2022ರ ಜನವರಿಯಲ್ಲಿ ಬಫಲೋ ಬಿಲ್ಸ್ ಚೆಂಡು ಮುಟ್ಟದೆಯೇ ಹೆಚ್ಚುವರಿ ಸಮಯದಲ್ಲಿ 36–42ರಿಂದ ಸೋತಾಗ ದೇಶವೇ ರೇಗಿತು. ನಾಕೌಟ್ ಪಂದ್ಯಗಳಲ್ಲಿ ಎರಡೂ ತಂಡಕ್ಕೆ ಚೆಂಡು ಸಿಗಬೇಕೆಂದು ಎರಡೇ ತಿಂಗಳಲ್ಲಿ ನಿಯಮ ಬಂತು. ಅದು ಮೊದಲ ಸಲ ಬಳಕೆಗೆ ಬಂದದ್ದು 2024ರ ಫೆಬ್ರವರಿಯ ಸೂಪರ್ ಬೌಲಿನಲ್ಲಿ. ಟಾಸ್ ಗೆದ್ದ ಸ್ಯಾನ್ ಫ್ರಾನ್ಸಿಸ್ಕೋ ಚೆಂಡನ್ನು ಮೊದಲು ತಾನೇ ತೆಗೆದುಕೊಂಡು 3 ಅಂಕ ಮಾಡಿತು, ಎಷ್ಟು ಬೇಕೆಂದು ಗೊತ್ತಿದ್ದೇ ಆಡಿದ ಚೀಫ್ಸ್ ಟಚ್‌ಡೌನ್ ಹೊಡೆದು 25–22ಕ್ಕೆ ಗೆದ್ದರು. ಹೊಸ ನಿಯಮ ತಮಗೆ ತಿಳಿದಿರಲಿಲ್ಲ ಎಂದು ಸೋತ ತಂಡದ ಕೆಲವು ಆಟಗಾರರು ಆಮೇಲೆ ಒಪ್ಪಿಕೊಂಡರು. 2025ರಿಂದ ಲೀಗ್ ಪಂದ್ಯಗಳಿಗೂ ಎರಡೂ ತಂಡಕ್ಕೆ ಚೆಂಡು ಎಂಬ ತತ್ವ ಬಂದಿದೆ.

ಇವೆಲ್ಲಕ್ಕೂ ತದ್ವಿರುದ್ಧವಾದ ಒಂದು ಕಲಮು ಇದೇ ನಿಯಮ ಪುಸ್ತಕದಲ್ಲಿದೆ. ಮೇಲ್ನೋಟಕ್ಕೇ ಅನ್ಯಾಯ ಎನ್ನುವಂಥ ಕೃತ್ಯ ನಡೆದರೆ ರೆಫ್ರಿ ತನಗೆ ನ್ಯಾಯವೆನಿಸಿದ ಪರಿಹಾರ ಕೊಡಬಹುದು, ಟಚ್‌ಡೌನನ್ನೇ ಕೊಡಬಹುದು. 2025ರ ಜನವರಿ 26ರಂದು ಫಿಲಡೆಲ್ಫಿಯಾ ಈಗಲ್ಸ್ ಎದುರು ವಾಷಿಂಗ್ಟನ್ ಆಡುತ್ತಿದ್ದಾಗ ಇದು ನೆನಪಿಗೆ ಬಂತು. ಈಗಲ್ಸ್ ಗೆರೆಯ ಬಾಗಿಲಲ್ಲಿದ್ದರು. ವಾಷಿಂಗ್ಟನ್‌ನ ಫ್ರಾಂಕಿ ಲೂವು ಚೆಂಡು ಆಟಕ್ಕೆ ಬರುವ ಮೊದಲೇ ಸಾಲಿನ ಮೇಲಿಂದ ಹಾರಿ ಬೀಳತೊಡಗಿದ. ಇದು ತಪ್ಪು, ದಂಡ ಉಂಟು. ಆದರೆ ಗೆರೆಗೆ ಅಷ್ಟು ಹತ್ತಿರದಲ್ಲಿ ದಂಡವೆಂದರೆ ಉಳಿದ ದೂರದ ಅರ್ಧ. ಅರ್ಧದ ಅರ್ಧ, ಅದರ ಅರ್ಧ, ಹೀಗೆ ಎಷ್ಟು ಸಲ ತಪ್ಪು ಮಾಡಿದರೂ ತಂಡಕ್ಕೆ ಖರ್ಚಿಲ್ಲ. ಲೆಕ್ಕದ ದಂಡ ಇಲ್ಲಿ ಕೆಲಸ ಮಾಡುವುದಿಲ್ಲ. ಇನ್ನೊಮ್ಮೆ ಹೀಗಾದರೆ ಅಂಕವನ್ನೇ ಕೊಟ್ಟುಬಿಡುವ ಅಧಿಕಾರ ತಮಗಿದೆ ಎಂದು ರೆಫ್ರಿ ಶಾನ್ ಹೊಕುಲಿ ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಹಾರಾಟ ನಿಂತಿತು.

1954ರ ಹೊಸ ವರ್ಷದ ದಿನ ಡ್ಯಾಲಸ್‌ನಲ್ಲಿ ನಡೆದ ಕಾಲೇಜು ಪಂದ್ಯದಲ್ಲಂತೂ ಟಚ್‌ಡೌನ್ ಕೊಟ್ಟೇ ಬಿಟ್ಟಿದ್ದರು. ರೈಸ್ ತಂಡದ ಡಿಕಿ ಮೇಗಲ್ ಒಬ್ಬನೇ ಓಡುತ್ತಿದ್ದಾಗ ಅಲಬಾಮಾದ ಟಾಮಿ ಲೂಯಿಸ್ ಬೆಂಚಿನಿಂದಲೇ ಎದ್ದು, ಹೆಲ್ಮೆಟ್ ಕೂಡ ಇಲ್ಲದೆ ಮೈದಾನಕ್ಕೆ ನುಗ್ಗಿ ಅವನನ್ನು ಕೆಡವಿದ್ದ. ಬೆಂಚಿನಿಂದ ಬಂದು ಕೆಡವಿದವನಿಗೆ ಇಷ್ಟು ಗಜ ದಂಡ ಎಂದು ಯಾರೂ ಮುಂಚಿತವಾಗಿ ಬರೆದಿಡಬೇಕಾಗಲಿಲ್ಲ. ಅಧಿಕಾರಿಗಳ ವಿವೇಕ ಸಾಕಾಯಿತು. ಟಕ್ ನಿಯಮ ಬರೆದವರು ಈ ವಿವೇಕವನ್ನು ನಂಬಲಿಲ್ಲ, ಅದಕ್ಕೇ ಸೋತರು.

ಈಗಿನ ದೊಡ್ಡ ಜಗಳ ಟಷ್ ಪುಷ್‌ನದು. ಈಗಲ್ಸ್‌ಗೆ ಒಂದೇ ಗಜ ಬೇಕಿದ್ದಾಗ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಚೆಂಡು ಹಿಡಿದು ಸಾಲಿನೊಳಗೆ ನುಗ್ಗುತ್ತಾನೆ, ಹಿಂದಿದ್ದವರು ಅವನನ್ನು ಸೊಂಟದ ಕೆಳಗಿಂದ ತಳ್ಳುತ್ತಾರೆ. ಚೆಂಡು ಹಿಡಿದವನನ್ನು ಮುಂದಿನಿಂದ ಎಳೆಯುವುದು ಇಂದಿಗೂ ನಿಷಿದ್ಧ, ಹಿಂದಿನಿಂದ ತಳ್ಳುವುದು ಸರಿ. ತಳ್ಳುವುದಕ್ಕೂ ಮೊದಲು ನಿಷೇಧ ಇತ್ತು. ಗುಂಪಿನಲ್ಲಿ ಯಾರು ತಳ್ಳಿದರು ಎಂದು ಗುರುತಿಸುವುದು ರೆಫ್ರಿಗಳಿಗೆ ಕಷ್ಟ ಎಂಬ ಕಾರಣಕ್ಕೆ 2005ರಲ್ಲಿ ಅದನ್ನು ತೆಗೆದರು. ಹದಿನೇಳು ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, 2022ರಿಂದ ಈಗಲ್ಸ್ ಅದರಿಂದ ಹೆಚ್ಚುಕಡಿಮೆ ತಡೆಯಲಾಗದ ಒಂದು ಆಟವನ್ನು ಕಟ್ಟಿದರು.

2025ರಲ್ಲಿ ನಿಷೇಧದ ಪ್ರಸ್ತಾವ ತಂದದ್ದು ಗ್ರೀನ್ ಬೇ ಪ್ಯಾಕರ್ಸ್, ಅದಕ್ಕೆ ಹಿಂದಿನ 2024ರ ಋತುವಿನಲ್ಲಿ ಈಗಲ್ಸ್‌ಗೆ ಎರಡು ಸಲ ಸೋತ ತಂಡ. ಕ್ರಿಕೆಟ್‌ನ ಮೂಲ ನಿಯಮಗಳನ್ನು ಬರೆಯುವುದು ಲಂಡನ್ನಿನ ಎಂಸಿಸಿ, ಅದು ಯಾವ ಸರಣಿಯಲ್ಲೂ ಕಪ್ಪಿಗಾಗಿ ಸೆಣಸುವ ತಂಡವಲ್ಲ. ಎನ್‌ಎಫ್‌ಎಲ್‌ನಲ್ಲಿ ಮತ ಹಾಕುವವರು 32 ತಂಡಗಳವರು, ಅಂದರೆ ನಿಯಮದಿಂದ ಲಾಭನಷ್ಟ ಆಗುವವರೇ. 24 ಮತ ಬಿದ್ದರೆ ನಿಯಮ ಪಾಸು. ಮೇ ತಿಂಗಳಲ್ಲಿ ನಿಷೇಧದ ಪರ ಬಿದ್ದದ್ದು 22, ವಿರೋಧ 10. ಗಾಯವಾಗುತ್ತದೆ ಎಂದು ಕೆಲವರು ವಾದಿಸಿದರು, ಅದಕ್ಕೆ ತಕ್ಕ ಅಂಕಿಅಂಶ ಅವರ ಬಳಿ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ಪ್ರಶ್ನೆ ಗಾಯದ್ದಲ್ಲ. ಎಳೆಯುವುದು ತಪ್ಪಾದರೆ ತಳ್ಳುವುದು ಹೇಗೆ ಸರಿ ಎಂಬುದಕ್ಕೆ 2005ರಿಂದ ಯಾರೂ ಉತ್ತರ ಕೊಟ್ಟಿಲ್ಲ. ಎರಡನ್ನೂ ಬಿಡಿ, ಇಲ್ಲವೇ ಎರಡನ್ನೂ ನಿಲ್ಲಿಸಿ. ಒಂದು ತಂಡ ಚೆನ್ನಾಗಿ ಕಲಿತುಬಿಟ್ಟಿತು ಎಂಬುದು ನಿಷೇಧಕ್ಕೆ ಕಾರಣವಾಗಬಾರದು. ಮತ ಹಾಕುವವರು ತಂಡಗಳವರೇ ಆಗಿರುವವರೆಗೆ ಈ ಎರಡು ಕಾರಣಗಳನ್ನು ಬಿಡಿಸಿ ನೋಡುವುದು ಕಷ್ಟ.

ಅದೇ ಸಭೆಯಲ್ಲಿ 32ಕ್ಕೆ 32 ಮತದಿಂದ ಪಾಸಾದ ಇನ್ನೊಂದು ನಿರ್ಣಯವಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬರುತ್ತಿರುವ ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ಎನ್‌ಎಫ್‌ಎಲ್ ಆಟಗಾರರು ಆಡಬಹುದು. ಐದೈದು ಜನರ, ಗುದ್ದಾಟವಿಲ್ಲದ ಆ ಆಟದ ನಿಯಮಗಳು ಅಂತರರಾಷ್ಟ್ರೀಯ ಒಕ್ಕೂಟದವು, ಅಲ್ಲಿ ಈ ಮಾಲೀಕರ ಮತ ನಡೆಯುವುದಿಲ್ಲ. ಅಲ್ಲಿ ಚೆಂಡು ನೆಲಕ್ಕೆ ಬಿದ್ದರೆ ಆಟ ಅಲ್ಲಿಗೇ ನಿಂತಿತು, ಬಿದ್ದ ಚೆಂಡಿಗಾಗಿ ಯಾರೂ ಹಾರುವ ಹಾಗಿಲ್ಲ.